ಎತ್ತಿನ ಬಂಡಿಯೇ ಜಾಹೀರಾತು

ಪತ್ರಿಕೆಯ ಪುಟವನ್ನಾಗಲಿ ಹೆದ್ದಾರಿಯ ಫಲಕವನ್ನಾಗಲಿ ಕೊಳ್ಳುವಷ್ಟು ಹಣ ಸಣ್ಣ ವ್ಯಾಪಾರಿಯ ಬಳಿ ಇರುವುದಿಲ್ಲ. ಹಾಗಾದರೆ ತನ್ನ ಸರಕನ್ನು ಜನರಿಗೆ ತಿಳಿಸುವ ಬಗೆ ಯಾವುದು? ನ್ಯಾಲ್ಕಲ್ಲಿಗೆ ನೆರೆಯಾದ ಜಹೀರಾಬಾದ್ ಸೀಮೆಯ ರೈತ ಮಹಿಳೆಯರು ಇದಕ್ಕೆ ಉತ್ತರ ತೋರಿದ್ದಾರೆ.

ಪಡಿತರದ ಅಕ್ಕಿ ಮನೆಮನೆಗೆ ಬಂದಂತೆ ಸಜ್ಜೆ, ನವಣೆ, ಸಾಮೆಗಳು ತಟ್ಟೆಯಿಂದಲೂ ಹೊಲದಿಂದಲೂ ಹಿಂದೆ ಸರಿದವು. ಅವುಗಳಿಗೆ ಮತ್ತೆ ಬೇಡಿಕೆ ತರಲು ದುಡಿದವು ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು. 1983ರಲ್ಲಿ ಹುಟ್ಟಿದ ಆ ಸಂಸ್ಥೆಯ ಸ್ಥಾಪಕರಲ್ಲಿ ಮೈಸೂರು ಮೂಲದ ಪಿ.ವಿ. ಸತೀಶ್ ಒಬ್ಬರು.

ಸಂಕ್ರಾಂತಿಯ ಹೊತ್ತಿಗೆ ಈ ಮಹಿಳೆಯರು ಎತ್ತಿನ ಬಂಡಿಗಳನ್ನು ಸಿಂಗರಿಸಿ, ಬಗೆಬಗೆಯ ಬೀಜಗಳನ್ನಿರಿಸಿ, ಹಾಡುತ್ತ ಹಳ್ಳಿಯಿಂದ ಹಳ್ಳಿಗೆ ಸುಮಾರು ಒಂದು ತಿಂಗಳು ಸಾಗುತ್ತಾರೆ. 2008ರಲ್ಲಿ ಮಾಚನೂರಿನಲ್ಲಿ ಸಂಘಂ ರೇಡಿಯೋ ಆರಂಭವಾಗಿ, ಅವರದೇ ಆಡುಮಾತು ಊರೂರಿಗೆ ಮುಟ್ಟಿತು. ಜಹೀರಾಬಾದಿನಲ್ಲಿ ತೆರೆದ ಸಿರಿಧಾನ್ಯದ ಉಪಾಹಾರಗೃಹ ರುಚಿಯನ್ನೇ ಪ್ರಚಾರವಾಗಿಸಿತು. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಸಂದಿತು.

ಬಂಡಿ, ದನಿ, ರುಚಿ, ಈ ಮೂರೂ ಅವರ ಕೈಯಲ್ಲೇ ಇದ್ದವು. ಸಂತೆಯಲ್ಲಿ ರೊಟ್ಟಿ, ಉಪ್ಪಿನಕಾಯಿ, ಹಪ್ಪಳ ಮಾರುವ ಕುಟುಂಬಕ್ಕೂ ಇದೇ ದಾರಿ: ಗಿರಾಕಿಗೆ ಮೊದಲು ಒಂದು ತುತ್ತು ರುಚಿ ತೋರಿಸುವುದು, ಮಾಡಿದ ಊರಿನ ಹೆಸರು ಹೇಳುವುದು, ಬೆಲೆಯನ್ನು ಕನ್ನಡ, ತೆಲುಗು ಎರಡರಲ್ಲೂ ಬರೆದಿಡುವುದು. ಶಾಲೆಗೆ ಹೋಗುವ ಮಕ್ಕಳೇ ಆ ಹಲಗೆ ಬರೆಯಬಲ್ಲರು. ಪ್ರಚಾರ ಗಿರಾಕಿಯನ್ನು ಒಮ್ಮೆ ಕರೆತರುತ್ತದೆ. ಸರಿಯಾದ ತೂಕ, ಶುಚಿಯಾದ ಸರಕುಗಳೇ ಅವನನ್ನು ಮರಳಿ ಕರೆತರುತ್ತವೆ.