ಕಬ್ಬಿನ ಹಾಲು: ಲೋಟ ತುಟಿಗಿಡುವ ಮುನ್ನ

ಮಾರ್ಚ್ ಬಂತೆಂದರೆ ಒಂದು ಕಡೆ ಪರೀಕ್ಷೆಯ ಬಿಸಿ, ಇನ್ನೊಂದು ಕಡೆ ಬಿಸಿಲಿನ ಝಳ. ಶಾಲೆ, ಕಾಲೇಜು ಬಿಟ್ಟ ಮಕ್ಕಳು ನೇರವಾಗಿ ನುಗ್ಗುವುದು ಕಬ್ಬಿನ ಹಾಲಿನ ಗಾಡಿಗೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಂತೂ ಸಕ್ಕರೆಯ ನಾಡು. ಇಷ್ಟಾದರೂ ಒಂದು ಅಂಗಡಿಯ ಹಾಲು ಅಮೃತದಂತಿದ್ದರೆ, ಹತ್ತು ಹೆಜ್ಜೆ ಆಚೆಯ ಅಂಗಡಿಯದು ಸಪ್ಪೆ. ಕೆಲವೊಮ್ಮೆ ಕಪ್ಪು, ಹುಳಿ. ಕಬ್ಬು ಅದೇ, ಗಾಣವೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ನಾಲೆ ತಂದ ಸಿಹಿ

ಈ ಸೀಮೆಯಲ್ಲಿ ಕಬ್ಬು ದೊಡ್ಡ ಬೆಳೆಯಾದದ್ದು ಕೃಷ್ಣರಾಜಸಾಗರದ ನೀರಿನಿಂದ. ಆಗಿನ ಇರ್ವಿನ್ ನಾಲೆಯೇ ಇಂದಿನ ವಿಶ್ವೇಶ್ವರಯ್ಯ ನಾಲೆ. ಆ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳೇ ಮಂಡ್ಯ ಸಮೀಪದ ‘ವಿ.ಸಿ. ಫಾರಂ’ಗೆ ಹೆಸರಾದವು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. ಕಬ್ಬು, ಭತ್ತದ ಸಂಶೋಧನೆಗೆ ಹೆಸರಾದ ವಿ.ಸಿ. ಫಾರಂನಲ್ಲಿ 1991ರಲ್ಲಿ ಕೃಷಿ ಕಾಲೇಜು ಕೂಡ ತೆರೆಯಿತು.

ರೈತರ ಬಾಯಲ್ಲಿ ಓಡಾಡುವ ‘ಕೋ 62175’, ‘ಕೋ 86032’ ತಳಿಗಳ ಹೆಸರಿನ ಗುಟ್ಟು ವಿದ್ಯಾರ್ಥಿಗಳಿಗೆ ತಿಳಿದಿರಲಿ. ‘ಕೋ’ ಎಂದರೆ ಕೊಯಮತ್ತೂರು. 1912ರಲ್ಲಿ ಆರಂಭವಾದ ಕಬ್ಬು ತಳಿ ಸಂಸ್ಥೆ ಅಲ್ಲಿದೆ. ಮೊದಲ ಎರಡು ಅಂಕಿಗಳು ತಳಿಯನ್ನು ಆಯ್ದ ವರ್ಷವನ್ನು ಸೂಚಿಸುತ್ತವೆ. ‘ವಿಸಿಎಫ್ 0517’ ಮಾತ್ರ ವಿ.ಸಿ. ಫಾರಂನದೇ ಕೊಡುಗೆ.

ಕಡಿದ ಗಳಿಗೆಯಿಂದ

ಕಬ್ಬು ಕಡಿದ ಮೇಲೂ ಅದರೊಳಗಿನ ಕೆಲಸ ನಿಲ್ಲುವುದಿಲ್ಲ. ನೀರು ಆರುತ್ತದೆ, ಸುಕ್ರೋಸ್ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗತೊಡಗುತ್ತದೆ. ನಾಲ್ಕಾರು ದಿನ ಬಿಸಿಲಲ್ಲಿ ಬಿದ್ದ ಜಲ್ಲೆಯಿಂದ ಒಳ್ಳೆಯ ಹಾಲು ಬರಲು ಸಾಧ್ಯವಿಲ್ಲ. ಸೀಳಿದಾಗ ಒಳಗೆ ಕೆಂಪಾಗಿ, ನಡುನಡುವೆ ಬಿಳಿ ಮಚ್ಚೆ ಕಂಡು, ಹುಳಿ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗದ ಗುರುತು. ಅಂಥ ಜಲ್ಲೆಯನ್ನು ಗಾಣಕ್ಕೆ ಕೊಡಲೇಬಾರದು.

ಹಿಂಡಿದ ಮೇಲಂತೂ ಬದಲಾವಣೆ ಇನ್ನೂ ಬೇಗ. ಕಬ್ಬಿನಲ್ಲಿರುವ ಒಂದು ಕಿಣ್ವವು ಗಾಳಿಯ ಆಮ್ಲಜನಕದೊಡನೆ ಸೇರಿ ಹಾಲನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಕತ್ತರಿಸಿದ ಸೇಬು, ಬದನೆಕಾಯಿ ಕಪ್ಪಾಗುವುದೂ ಹೀಗೆಯೇ. ಜೊತೆಗೆ ಸಿಹಿಯನ್ನು ಅರಸಿ ಬ್ಯಾಕ್ಟೀರಿಯಾ, ಯೀಸ್ಟ್ ಸೇರಿಕೊಂಡು ಕೆಲವೇ ಗಂಟೆಗಳಲ್ಲಿ ಹಾಲು ಹುಳಿಯಾಗುತ್ತದೆ, ಲೋಳೆ ಕಟ್ಟುತ್ತದೆ. ಆಲೆಮನೆಯಲ್ಲಿ ಹಿಂಡಿದ ಹಾಲನ್ನು ತಡಮಾಡದೆ ಕೊಪ್ಪರಿಗೆಗೆ ಸುರಿದು ಕಾಯಿಸುವುದು ಇದಕ್ಕಾಗಿಯೇ.

ನಿಂಬೆಹಣ್ಣು ಬರೀ ರುಚಿಗಲ್ಲ. ಅದರ ಹುಳಿ ಮತ್ತು ‘ಸಿ’ ಜೀವಸತ್ವ ಕಿಣ್ವದ ಕೆಲಸವನ್ನು ತಗ್ಗಿಸುತ್ತವೆ. ಮನೆಯಲ್ಲೇ ಪರೀಕ್ಷಿಸಬಹುದು: ತಾಜಾ ಹಾಲನ್ನು ಎರಡು ಗಾಜಿನ ಲೋಟಗಳಿಗೆ ಹಾಕಿ, ಒಂದಕ್ಕೆ ಮಾತ್ರ ನಿಂಬೆರಸ ಹಿಂಡಿ, ಒಂದು ಗಂಟೆ ಬಿಟ್ಟು ಬಣ್ಣ ನೋಡಿ. ಆದರೆ ಆ ಹಾಲನ್ನು ಕುಡಿಯಬೇಡಿ. ನಿಂಬೆ ಬಣ್ಣ ಉಳಿಸೀತು, ರೋಗಾಣುಗಳನ್ನೆಲ್ಲ ಕೊಲ್ಲಲಾರದು.

ನೀಡುವ ಕೈ

ಒಳ್ಳೆಯ ಕಬ್ಬನ್ನೂ ಕೆಟ್ಟ ಕೈ ಹಾಳುಮಾಡಬಲ್ಲದು. ಗಾಣದ ಉರುಳೆಗಳಲ್ಲಿ ನಿನ್ನೆಯ ಸಿಪ್ಪೆ ಅಂಟಿಕೊಂಡಿದ್ದರೆ ಇಂದಿನ ಹಾಲಿಗೆ ಅದೇ ಹೆಪ್ಪು. ಹಲ್ಲುಚಕ್ರದ ಗ್ರೀಸ್ ಹಾಲಿಗೆ ತೊಟ್ಟಿಕ್ಕಬಾರದು. ಒಂದೇ ಬಕೆಟ್ ನೀರಿನಲ್ಲಿ ಇಡೀ ದಿನ ಅದ್ದಿ ತೆಗೆದ ಲೋಟ ತೊಳೆದದ್ದೆನಿಸದು.

ಎಲ್ಲಕ್ಕಿಂತ ಅಪಾಯದ್ದು ಮಂಜುಗಡ್ಡೆ. ಮೀನು ಕೆಡದಂತೆ ಇಡಲು ಮಾಡುವ ಗಡ್ಡೆಗೆ ಕುಡಿಯುವ ನೀರೇ ಬೇಕೆಂದಿಲ್ಲ. ಗೋಣಿಚೀಲದಲ್ಲಿ ಸುತ್ತಿ ತಂದು ಒಡೆದು ಹಾಕಿದ ಚೂರುಗಳಿಂದ ವಾಂತಿ, ಭೇದಿ, ವಿಷಮಶೀತ ಜ್ವರ, ಕಾಮಾಲೆ ತಗುಲಬಹುದು. ಪರೀಕ್ಷೆಯ ಹೊತ್ತಿನಲ್ಲಿ ಹಾಸಿಗೆ ಹಿಡಿದರೆ ವರ್ಷದ ಓದೇ ನೀರಿನಲ್ಲಿ ಹೋಮ. ಅರ್ಧ ಲೋಟ ಗಡ್ಡೆ ತುಂಬಿದರೆ ಹಾಲೂ ಅರ್ಧ. ತಣ್ಣಗಿದ್ದಷ್ಟೂ ನಾಲಿಗೆಗೆ ಕೆಟ್ಟ ರುಚಿ ಗೊತ್ತಾಗದು.

ಬ್ರೆಜಿಲ್‌ನಲ್ಲೂ ಕಬ್ಬಿನ ಹಾಲು ಬೀದಿಯ ಪಾನೀಯವೇ. 2005ರಲ್ಲಿ ಅಲ್ಲಿನ ಸಾಂತಾ ಕತರೀನಾ ರಾಜ್ಯದಲ್ಲಿ ಕಬ್ಬಿನ ಹಾಲು ಕುಡಿದವರಿಗೆ ಶಾಗಸ್ ರೋಗ ತಗುಲಿ ಸಾವುಗಳೂ ಸಂಭವಿಸಿದವು. ರೋಗ ಹರಡುವ ತಿಗಣೆ ಜಾತಿಯ ಕೀಟ ಕಬ್ಬಿನೊಡನೆ ಗಾಣಕ್ಕೆ ಸಿಕ್ಕಿದ್ದೇ ಕಾರಣವೆಂದು ತಿಳಿಯಲಾಯಿತು. ಆ ರೋಗ ನಮ್ಮಲ್ಲಿಲ್ಲ. ಆದರೆ ಜಲ್ಲೆಯನ್ನು ತೊಳೆದು, ಹೊರಸಿಪ್ಪೆ ಹೆರೆದು, ನೊಣ ಮುತ್ತದಂತೆ ಮುಚ್ಚಿಡಬೇಕೆಂಬ ಪಾಠ ಎಲ್ಲರಿಗೂ ಒಂದೇ.

ರೈತನ ಪಾಲು

ಕಾರ್ಖಾನೆಗಳು ಕಬ್ಬಿನ ಹಣವನ್ನು 14 ದಿನಗಳಲ್ಲಿ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ರೈತರು ಬೀದಿಗಿಳಿದದ್ದು ಮಂಡ್ಯಕ್ಕೆ ಹೊಸತಲ್ಲ. ಹಾಲಿನ ಅಂಗಡಿಗೆ ಕೊಟ್ಟ ಕಬ್ಬು ಕಡಿಮೆಯಾದರೂ ನಗದು ಬೇಗ ಕೈಸೇರುತ್ತದೆ. ನಗರಗಳಲ್ಲಿ ಮುಚ್ಚಿದ ಸ್ಟೀಲ್ ಯಂತ್ರಗಳ ಸರಣಿ ಮಳಿಗೆಗಳು ಬಂದಿವೆ. ಬೀದಿಯ ಗಾಡಿ ಕೊಳಕೆಂಬ ಹೆಸರು ಪಡೆದರೆ ಗಿರಾಕಿ ಅತ್ತ ತಿರುಗುತ್ತಾನೆ. ಸೋಲುವವನು ಸಣ್ಣ ವ್ಯಾಪಾರಿ. ಆದರೆ ಹೊಳೆಯುವ ಯಂತ್ರವೂ ಬಾಡಿದ ಕಬ್ಬನ್ನು ತಾಜಾ ಮಾಡಲಾರದು.

ಅಪ್ಪ ಅಮ್ಮಂದಿರು ಮರೆಯಬಾರದ ಇನ್ನೊಂದು ಮಾತು: 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 30 ಗ್ರಾಂ, ಅಂದರೆ ಆರು ಚಮಚದಷ್ಟು ಸಕ್ಕರೆ ಇರುತ್ತದೆ. ಒಂದು ಲೋಟ ಸಾಕು. ಮಧುಮೇಹಿಗಳು ವೈದ್ಯರನ್ನು ಕೇಳಲೇಬೇಕು.

ಕಣ್ಣೆದುರೇ ಹಿಂಡಿಸಿ, ಗಡ್ಡೆ ಬೇಡವೆನ್ನಿ, ಲೋಟ ತೊಳೆಯುವ ನೀರು ನೋಡಿ, ಕೂಡಲೇ ಕುಡಿಯಿರಿ. ಗಿರಾಕಿ ಕೇಳತೊಡಗಿದರೆ ಗಾಡಿಯವರೂ ತಿದ್ದಿಕೊಳ್ಳುತ್ತಾರೆ. ಶುಚಿಯಾದ ಅಂಗಡಿಗೆ ಜನ ಸಾಲುಗಟ್ಟಿದರೆ ಕಬ್ಬು ಬೆಳೆದವರಿಗೂ ಅದರಿಂದ ನಾಲ್ಕು ಕಾಸು.