ಮಣ್ಣುಂಡೆ ಎಸೆದರೆ ಕೆರೆ ಶುದ್ಧವಾಗುತ್ತದೆಯೇ? ಹಿನಕಲ್ ಕೆರೆಯ ಸುತ್ತ ಮನೆ ಇರುವವರು ತಿಳಿಯಬೇಕಾದದ್ದು

'ಸೂಕ್ಷ್ಮಜೀವಿ ಬೆರೆಸಿದ ಮಣ್ಣುಂಡೆಗಳನ್ನು ಕೆರೆಗೆ ಎಸೆಯಿರಿ, ಕೆಲವೇ ದಿನಗಳಲ್ಲಿ ನೀರು ತಿಳಿಯಾಗುತ್ತದೆ.' 'ಅಂತರಗಂಗೆ ಕೀಳಬೇಡಿ, ಅದೇ ಕೆರೆಯನ್ನು ಶುದ್ಧ ಮಾಡುತ್ತದೆ.' 'ಕೆರೆ ಕೆಡುವುದು ಕಾರ್ಖಾನೆಗಳಿಂದ, ಮನೆಗಳಿಂದಲ್ಲ.' ಇಂಥ ಸಂದೇಶಗಳು ನಿಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಇವುಗಳಲ್ಲಿ ನಿಜ ಎಷ್ಟು ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ: ಕೆರೆಗೆ ಏನು ಹಾಕಬೇಕು ಎನ್ನುವುದಕ್ಕಿಂತ ಕೆರೆಗೆ ಏನು ಸೇರದಂತೆ ತಡೆಯಬೇಕು ಎನ್ನುವುದೇ ಮುಖ್ಯ. ಅದರಲ್ಲಿ ಸುತ್ತಲಿನ ಮನೆ, ನಿವೇಶನಗಳ ಮಾಲೀಕರ ಪಾಲು ದೊಡ್ಡದು.

ಹಿನಕಲ್‌ನಲ್ಲಿ ಆದದ್ದೇನು?

ಮೈಸೂರು–ಹುಣಸೂರು ರಸ್ತೆಯ ಹಿನಕಲ್ ಒಂದು ಕಾಲಕ್ಕೆ ನಗರದ ಹೊರಗಿನ ಹಳ್ಳಿ. ಈಗ ರಿಂಗ್ ರಸ್ತೆ, ಮೇಲ್ಸೇತುವೆ, ಒಂದು ಪಕ್ಕದಲ್ಲಿ ವಿಜಯನಗರ. ಆಡಳಿತವೂ ಗ್ರಾಮ ಪಂಚಾಯಿತಿಯಿಂದ ಹೂಟಗಳ್ಳಿ ನಗರಸಭೆಯ ವ್ಯಾಪ್ತಿಗೆ ಬಂತು. ಹೊಲಗಳಿದ್ದಾಗ ಮಳೆನೀರು ತಂದು ಕೆರೆ ತುಂಬಿಸುತ್ತಿದ್ದ ಕಾಲುವೆಗಳ ದಾರಿಯಲ್ಲೇ ಬಡಾವಣೆಗಳು ಎದ್ದವು. ಕೆರೆಗೆ ಕೊಳಚೆ ಸೇರುತ್ತಿದೆ, ಕಳೆ ಮುಚ್ಚಿಕೊಂಡಿದೆ ಎಂಬ ದೂರು ಶುರುವಾದದ್ದು ಹೀಗೆ. ಹಳ್ಳಿ ನಗರವಾದ ಕಡೆಯಲ್ಲೆಲ್ಲ ಇದೇ ಕತೆ.

ಕೆಟ್ಟ ಮೇಲೆ ಸರಿಪಡಿಸಲು ಎಷ್ಟು ಖರ್ಚಾಗುತ್ತದೆ ಎಂಬುದಕ್ಕೆ ಉದಾಹರಣೆ ಹಿನಕಲ್‌ಗೆ ಹತ್ತಿರದಲ್ಲೇ ಇದೆ. ಹೆಬ್ಬಾಳ ಕೆರೆಯ ಪುನಶ್ಚೇತನಕ್ಕೆ ಇನ್ಫೋಸಿಸ್ ಫೌಂಡೇಷನ್ 100 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚ ಮಾಡಿದೆ. ದಿನಕ್ಕೆ 80 ಲಕ್ಷ ಲೀಟರ್ ಕೊಳಚೆ ನೀರು ಶುದ್ಧೀಕರಿಸುವ ಘಟಕವನ್ನೂ ಅಲ್ಲಿ ಕಟ್ಟಬೇಕಾಯಿತು. ಎಲ್ಲ ಕೆರೆಗಳಿಗೂ ಇಂಥ ದಾನಿಗಳು ಸಿಗುವುದಿಲ್ಲ.

ಕೆರೆ ಹಸಿರಾಗುವುದೇಕೆ?

ಗಿಡಗಳಂತೆ ಪಾಚಿಗೂ ಗೊಬ್ಬರ ಬೇಕು. ಸಿಹಿನೀರಿನ ಕೆರೆಗಳಲ್ಲಿ ಪಾಚಿಗೆ ಸಾಮಾನ್ಯವಾಗಿ ಕಡಿಮೆ ಸಿಗುವ ಗೊಬ್ಬರ ರಂಜಕ, ಅಂದರೆ ಫಾಸ್ಫರಸ್. ಅದು ಸಿಕ್ಕಿದ ಕೂಡಲೇ ಪಾಚಿ ಉಕ್ಕಿ ಬೆಳೆಯುತ್ತದೆ.

1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು ಇದನ್ನು ಒಂದು ನಿಜವಾದ ಕೆರೆಯಲ್ಲೇ ಪರೀಕ್ಷಿಸಿದರು. ಕೆರೆಯ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ, ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಪಾಚಿಯಿಂದ ಹಸಿರಾಯಿತು. ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಫೋಟೊ ಇಂದಿಗೂ ಪ್ರಸಿದ್ಧ.

ನಮ್ಮ ಮನೆಯ ಲೆಕ್ಕ ನೋಡೋಣ. ಒಬ್ಬ ವ್ಯಕ್ತಿಯ ಮಲಮೂತ್ರದಲ್ಲಿ ದಿನಕ್ಕೆ ಸುಮಾರು 1 ಗ್ರಾಂ ರಂಜಕ ಇರುತ್ತದೆ. ಐದು ಜನರ ಮನೆಯಿಂದ ವರ್ಷಕ್ಕೆ ಸುಮಾರು 1.8 ಕೆ.ಜಿ. ಒಂದು ಕೆ.ಜಿ. ರಂಜಕ 500 ಕೆ.ಜಿ.ವರೆಗೆ ಹಸಿ ಪಾಚಿ ಬೆಳೆಸಬಲ್ಲದು ಎಂಬುದು ತಜ್ಞರು ಬಳಸುವ ಅಂದಾಜು. ಅಂದರೆ ಒಂದೇ ಮನೆಯ ಕೊಳಚೆ ಪೂರ್ತಿ ಕೆರೆಗೆ ಹೋದರೆ ವರ್ಷಕ್ಕೆ 900 ಕೆ.ಜಿ.ವರೆಗೆ ಪಾಚಿ ಬೆಳೆಯುವಷ್ಟು ಗೊಬ್ಬರ ಕೊಟ್ಟಂತೆ!

ಇದರಿಂದ ನಮಗೇನು ತೊಂದರೆ?

ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಬಳಸುತ್ತದೆ. ಸತ್ತು ಕೊಳೆಯುವಾಗ ಇನ್ನಷ್ಟು ಖರ್ಚಾಗುತ್ತದೆ. ಬೆಳಗಾಗುವಷ್ಟರಲ್ಲಿ ಮೀನುಗಳು ಸತ್ತು ತೇಲುವುದಕ್ಕೆ ಇದೂ ಒಂದು ಕಾರಣ. ಕೆಲವು ನೀಲಿ-ಹಸಿರು ಪಾಚಿಗಳು ಯಕೃತ್ತಿಗೆ ಹಾನಿ ಮಾಡುವ ವಿಷ ಬಿಡುತ್ತವೆ. ನೀರು ಕುದಿಸಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ಹಸಿರು ಬಣ್ಣ ಕದಡಿದಂತಿರುವ ನೀರನ್ನು ದನಕರುಗಳಿಗೂ ಕುಡಿಸಬೇಡಿ. ಕೊಳಚೆ ನಿಂತಲ್ಲಿ ಕ್ಯೂಲೆಕ್ಸ್ ಸೊಳ್ಳೆ ಹೆಚ್ಚುತ್ತದೆ, ಹತ್ತಿರದ ಬೋರ್‌ವೆಲ್‌ಗಳ ನೀರೂ ಕೆಡಬಹುದು.

ಮೂರು ಫಾರ್ವರ್ಡ್‌ಗಳು, ಮೂರು ಉತ್ತರಗಳು

ಮಣ್ಣುಂಡೆ: ಸೂಕ್ಷ್ಮಜೀವಿಗಳು ಕೊಳೆಯುವ ವಸ್ತುವನ್ನು ಒಡೆಯುತ್ತವೆ, ನಿಜ. ಆದರೆ ರಂಜಕ ಒಂದು ಮೂಲಧಾತು. ಯಾವ ಸೂಕ್ಷ್ಮಜೀವಿಯೂ ಅದನ್ನು ಇಲ್ಲವಾಗಿಸಲಾರದು. ಅದು ನೀರಿನಲ್ಲೋ ಹೂಳಿನಲ್ಲೋ ಉಳಿದೇ ಇರುತ್ತದೆ. ಪ್ರತಿದಿನ ಹೊಸ ಕೊಳಚೆ ಬರುತ್ತಿರುವ ಕೆರೆಗೆ ಉಂಡೆ ಎಸೆಯುವುದು, ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತೆ.

ಅಂತರಗಂಗೆ: ಅರ್ಧ ಸತ್ಯ. ಅದು ನೀರಿನಿಂದ ರಂಜಕ ಹೀರುತ್ತದೆ. ಆದರೆ ಕಿತ್ತು ಹೊರಗೆ ಸಾಗಿಸದಿದ್ದರೆ ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ನೀರಿಗೇ ವಾಪಸ್ ಕೊಡುತ್ತದೆ. ಅಷ್ಟರಲ್ಲಿ ಬಿಸಿಲನ್ನೂ ತಡೆದಿರುತ್ತದೆ. ಕಿತ್ತದ್ದನ್ನು ದಡದಲ್ಲೇ ರಾಶಿ ಹಾಕಿದರೂ ಅದೇ ಫಲ.

ಕಾರ್ಖಾನೆಗಳು: ಅವುಗಳ ತಪ್ಪು ಇದ್ದಲ್ಲಿ ಇದೆ. ಆದರೆ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ನೆನಪಿದೆಯೇ? ಅದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೊಟ್ಟು ಮಾಡಿದ್ದು ಶುದ್ಧೀಕರಿಸದ ಕೊಳಚೆಯಲ್ಲಿದ್ದ ಸೋಪಿನ ಪುಡಿ, ಶಾಂಪೂಗಳಂಥ ವಸ್ತುಗಳ ನೊರೆಕಾರಕಗಳ ಕಡೆಗೆ. ಅವು ಬಂದದ್ದು ನಮ್ಮಂಥವರ ಬಚ್ಚಲಿನಿಂದ.

ಮನೆ ಮಾಲೀಕರು ಏನು ಮಾಡಬಹುದು?

• ನಿಮ್ಮ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಶೌಚಾಲಯ, ಬಚ್ಚಲು, ಅಡುಗೆಮನೆಯ ಸಿಂಕಿನಲ್ಲಿ ಒಂದೊಂದಾಗಿ ಅಡುಗೆ ಬಣ್ಣ ಕಲಸಿದ ಒಂದು ಬಕೆಟ್ ನೀರು ಸುರಿಯಿರಿ. ಬಣ್ಣ ಒಳಚರಂಡಿ ಚೇಂಬರಿನಲ್ಲಿ ಕಂಡರೆ ಸರಿ. ರಸ್ತೆ ಬದಿಯ ಮಳೆನೀರು ಮೋರಿಯಲ್ಲಿ ಕಂಡರೆ ನಿಮ್ಮ ಕೊಳಚೆ ಕೆರೆಯ ದಾರಿ ಹಿಡಿದಿದೆ ಎಂದರ್ಥ. ಎಷ್ಟೋ ಮನೆಗಳಲ್ಲಿ ಶೌಚಾಲಯ ಒಳಚರಂಡಿಗೆ ಸೇರಿದ್ದರೂ ಬಟ್ಟೆ ಒಗೆಯುವ ನೀರು ಮೋರಿಗೇ ಹೋಗುತ್ತಿರುತ್ತದೆ.

• ತಾರಸಿಯ ಮಳೆನೀರಿನ ಪೈಪನ್ನು ಒಳಚರಂಡಿಗೆ ಜೋಡಿಸಬೇಡಿ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಇದೊಂದು ಮುಖ್ಯ ಕಾರಣ. ಉಕ್ಕಿದ ಕೊಳಚೆ ತಗ್ಗಿನಲ್ಲಿರುವ ಕೆರೆಗೇ ಹರಿಯುತ್ತದೆ. ಮಳೆನೀರು ಸಂಪಿಗೋ ಇಂಗುಗುಂಡಿಗೋ ಹೋಗಲಿ.

• ಸೆಪ್ಟಿಕ್ ಟ್ಯಾಂಕ್ ಇದ್ದರೆ 2–3 ವರ್ಷಕ್ಕೊಮ್ಮೆ ಯಂತ್ರದಿಂದಲೇ ಖಾಲಿ ಮಾಡಿಸಿ. ಮನುಷ್ಯರನ್ನು ಒಳಗೆ ಇಳಿಸುವುದು ಪ್ರಾಣಾಪಾಯ, 2013ರ ಕಾಯ್ದೆಯಂತೆ ಅಪರಾಧ ಕೂಡ. ಗಾಡಿಯವರು ಅದನ್ನು ಎಲ್ಲಿ ಸುರಿಯುತ್ತಾರೆ ಎಂದು ಕೇಳಿ. ರಾಜಕಾಲುವೆಗೆ ಸುರಿದರೆ ನೀವು ಕೊಟ್ಟ ದುಡ್ಡು ವ್ಯರ್ಥ. ಕೆರೆಯಂಚಿನಲ್ಲಿ ನೆಲ ಸದಾ ಒದ್ದೆ ಇರುವುದರಿಂದ ಟ್ಯಾಂಕಿನ ನೀರು ಮಣ್ಣಿನಲ್ಲಿ ಸೋಸಿಹೋಗದೆ ನೇರ ಕೆರೆಗೆ ಜಿನುಗಬಹುದು. ಒಳಚರಂಡಿ ಬಂದ ಕೂಡಲೇ ಸಂಪರ್ಕ ಪಡೆಯುವುದೇ ಒಳ್ಳೆಯದು.

• ಬಚ್ಚಲ ನೀರನ್ನು ಬಾಳೆಗೆ ಬಿಡುವುದು ನಮ್ಮ ಹಿರಿಯರ ರೂಢಿ. ಜಾಗವಿದ್ದರೆ ಬಾಳೆ, ಕೆಸು, ಕಾಬಾಳೆಯ ಮಡಿ ಮಾಡಿ. ಪಾಚಿಗೆ ಹೋಗುವ ರಂಜಕ ಗಿಡಕ್ಕೆ ಹೋಗುತ್ತದೆ.

• ಫಾಸ್ಫೇಟ್ ಇಲ್ಲದ ಸೋಪಿನ ಪುಡಿ ಸಿಕ್ಕರೆ ಅದನ್ನೇ ಕೊಳ್ಳಿ, ಅಳತೆಗೆ ತಕ್ಕಷ್ಟೇ ಬಳಸಿ. ತೋಟಕ್ಕೆ, ಹುಲ್ಲುಹಾಸಿಗೆ ಡಿಎಪಿ, 17:17:17 ಗೊಬ್ಬರವನ್ನು ಮಳೆಗೆ ಮುಂಚೆ ಹಾಕಬೇಡಿ. ಹಾಕಿದ್ದು ಕೊಚ್ಚಿಹೋಗುತ್ತದೆ.

• ಅಂಗಳಕ್ಕೆಲ್ಲ ಸಿಮೆಂಟ್ ಬಳಿಯಬೇಡಿ. ಕೆರೆಯ ಕಡೆಗಿನ ಅಂಚಿನಲ್ಲಿ ಹುಲ್ಲು, ಲಾವಂಚ ಬೆಳೆಸಿದರೆ ಹರಿದುಬರುವ ಮಣ್ಣು ಅಲ್ಲೇ ತಡೆಯುತ್ತದೆ. ರಂಜಕದ ಒಂದು ಭಾಗ ಮಣ್ಣಿಗೆ ಅಂಟಿಕೊಂಡೇ ಬರುವುದು. ಮನೆ ಕಟ್ಟುವಾಗ ಮರಳು, ಮಣ್ಣಿನ ರಾಶಿಯನ್ನು ಮೋರಿ ಪಕ್ಕ ಬಿಡಬೇಡಿ.

ಒಬ್ಬರಿಂದ ಆಗದ್ದು

ನಿಮ್ಮ ಮನೆಯ ಪೈಪು ಸರಿ ಇದ್ದು ಬೀದಿಯ ಒಳಚರಂಡಿಯೇ ಕೆರೆಯಲ್ಲಿ ಕೊನೆಗೊಂಡರೆ? ಅದನ್ನು ಮನೆಯಲ್ಲಿ ಸರಿಪಡಿಸಲಾಗದು. ಅದು ಸ್ಥಳೀಯ ಆಡಳಿತದ ಹೊಣೆ. ಕೆರೆಗೆ ಕೊಳಚೆ ಬಿಡುವುದು, ಕಟ್ಟಡದ ಅವಶೇಷ ಸುರಿಯುವುದು ರಾಜ್ಯದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಂತೆ ನಿಷಿದ್ಧ. ಫೋಟೊ, ದಿನಾಂಕ, ಜಾಗದ ವಿವರದೊಂದಿಗೆ ಸ್ಥಳೀಯ ಸಂಸ್ಥೆಗೆ, ಜಿಲ್ಲಾಧಿಕಾರಿ ಕಚೇರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಒಬ್ಬರ ಬದಲು ಇಡೀ ಬೀದಿಯವರು ಸಹಿ ಹಾಕಿದ ದೂರಿಗೆ ತೂಕ ಹೆಚ್ಚು.

ಹೀಗೆ ಜನ ಒಟ್ಟಾಗಿ ಕೆರೆ ಉಳಿಸಿಕೊಂಡ ಉದಾಹರಣೆ ಅಮೆರಿಕದ ಸಿಯಾಟಲ್‌ನಲ್ಲಿದೆ. ಅಲ್ಲಿನ ವಾಷಿಂಗ್ಟನ್ ಸರೋವರಕ್ಕೆ ಸುತ್ತಲಿನ ಊರುಗಳ ಸಂಸ್ಕರಿಸಿದ ಕೊಳಚೆ ನೀರು ಸೇರುತ್ತಿತ್ತು. ಸಂಸ್ಕರಿಸಿದ್ದರೂ ಅದರಲ್ಲಿ ರಂಜಕ ಉಳಿದಿತ್ತು. 1958ರಲ್ಲಿ ಜನ ಮತ ಹಾಕಿ, ತಮ್ಮ ದುಡ್ಡಿನಿಂದಲೇ ಅದನ್ನು ಬೇರೆಡೆಗೆ ತಿರುಗಿಸಲು ಒಪ್ಪಿದರು. 1963ರಿಂದ 1968ರವರೆಗೆ ಕೆಲಸ ನಡೆಯಿತು. ನೀರಿಗೆ ಇಳಿಬಿಟ್ಟ ಬಿಳಿ ತಟ್ಟೆ 1964ರಲ್ಲಿ ಕೇವಲ 30 ಇಂಚು ಆಳದವರೆಗೆ ಕಾಣುತ್ತಿತ್ತು. 1968ರಲ್ಲಿ 10 ಅಡಿಯವರೆಗೆ ಕಂಡಿತು. ನಮ್ಮ ಕೆರೆಗಳು ಆಳವಿಲ್ಲದವು, ಹೂಳಿನಲ್ಲಿ ಹಳೆಯ ರಂಜಕ ತುಂಬಿದೆ. ಹಾಗಾಗಿ ಇಲ್ಲಿ ಹೆಚ್ಚು ವರ್ಷ ಬೇಕಾಗಬಹುದು. ಆದರೆ ಮೊದಲ ಹೆಜ್ಜೆ ಅದೇ, ಒಳಬರುವುದನ್ನು ನಿಲ್ಲಿಸುವುದು.

ಇನ್ನೊಮ್ಮೆ ಮಣ್ಣುಂಡೆಯ ಸಂದೇಶ ಬಂದರೆ ಗುಂಪಿನಲ್ಲಿ ಒಂದೇ ಪ್ರಶ್ನೆ ಕೇಳಿ: 'ನಮ್ಮ ಬೀದಿಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?' ಈ ಭಾನುವಾರ ಒಂದು ಬಕೆಟ್ ಬಣ್ಣದ ನೀರು ಸುರಿದು ನೋಡಿದರೆ ಉತ್ತರ ಸಿಗುತ್ತದೆ. ಫಾರ್ವರ್ಡ್ ಮಾಡುವುದಾದರೆ ಅದನ್ನು ಮಾಡಿ.