ಬತ್ತೇರಿಯಿಂದ ಮೈಸೂರಿಗೆ: ತರಬೇತಿಗೆ ಹೊರಡುವ ಮಕ್ಕಳ ಕೈಯಲ್ಲಿರುವ ಕಾಗದ

ಕಾಸರಗೋಡಿನ ಮನೆಗಳಿಗೆ ಮಂಗಳೂರು ಹೇಗೋ, ವಯನಾಡಿನ ಸುಲ್ತಾನ್ ಬತ್ತೇರಿಯ ಮನೆಗಳಿಗೆ ಮೈಸೂರು ಹಾಗೆ. ಜಿಲ್ಲೆ ಕೇರಳದ್ದಾದರೂ ನಗರವೆಂದೊಡನೆ ಕಣ್ಣು ಹೊರಳುವುದು ಮೂಡಣ ದಿಕ್ಕಿಗೆ. ಮುತ್ತಂಗ ದಾಟಿ, ಬಂಡೀಪುರದ ಕಾಡನ್ನು ಸೀಳಿಕೊಂಡು, ಗುಂಡ್ಲುಪೇಟೆ, ನಂಜನಗೂಡುಗಳ ಮೂಲಕ ಸಾಗುವ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಮೈಸೂರಿಗೆ ಸುಮಾರು 115 ಕಿಲೋಮೀಟರ್. ಟಿಪ್ಪುವಿನ ಮದ್ದುಗುಂಡಿನ ಬ್ಯಾಟರಿಯಿಂದ ‘ಬತ್ತೇರಿ’ ಎನಿಸಿಕೊಳ್ಳುವುದಕ್ಕೆ ಮೊದಲು ಈ ಊರಿಗೆ ‘ಹನ್ನೆರಡು ಬೀದಿ’ ಎಂಬ ಕನ್ನಡದ ಹೆಸರಿತ್ತೆಂಬುದನ್ನೂ, ಅಲ್ಲಿಯ ಕಲ್ಲಿನ ಜೈನ ಬಸದಿಯನ್ನೂ ನೆನೆದರೆ ಈ ನಂಟು ಇಂದಿನದಲ್ಲವೆಂದು ತಿಳಿಯುತ್ತದೆ.

ಆದರೆ ಈ ದಾರಿಗೆ ಒಂದು ಬಾಗಿಲಿದೆ. 2009ರಿಂದ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಬೆರಳೆಣಿಕೆಯ ಬಸ್ಸುಗಳಿಗಷ್ಟೇ ವಿನಾಯಿತಿ. ಕಾಡಿನ ಪ್ರಾಣಿಗಳ ಹಿತಕ್ಕೆ ಅದು ಅಗತ್ಯವೇ ಸರಿ. ಮೈಸೂರಿನ ಕಂಪೆನಿಯೊಂದರಲ್ಲಿ ಸಂಜೆ 7ಕ್ಕೆ ಕೆಲಸ ಮುಗಿಸುವ ವಿದ್ಯಾರ್ಥಿಗೆ ಮಾತ್ರ ಇದರ ಅರ್ಥ ಸರಳ: ಅಂದು ಮನೆ ಸೇರುವ ಮಾತಿಲ್ಲ. ದಿನವೂ ಹೋಗಿಬರುವ ಯೋಚನೆಯನ್ನು ಬಿಟ್ಟು ಕೊಠಡಿ ಹಿಡಿಯಬೇಕು, ಮೆಸ್ಸಿಗೆ ಹಣ ಕಟ್ಟಬೇಕು. ಬತ್ತೇರಿಯ ರಕ್ಷಕರು ಮಕ್ಕಳ ತರಬೇತಿಯ ಲೆಕ್ಕ ಹಾಕುವಾಗ ಈ ಖರ್ಚಿನಿಂದಲೇ ಆರಂಭಿಸಬೇಕಾಗುತ್ತದೆ.

ಹಿಂದೆ ಇಂತಹ ಲೆಕ್ಕ ಇಂಜಿನಿಯರಿಂಗ್ ಓದುವ ಮಕ್ಕಳಿದ್ದ ಮನೆಗಳಲ್ಲಿ ಮಾತ್ರ ನಡೆಯುತ್ತಿತ್ತು. 2024ರ ಜುಲೈ 1ರಂದು ಕೇರಳದಲ್ಲಿ ನಾಲ್ಕು ವರ್ಷಗಳ ಪದವಿ ಕ್ರಮ ಜಾರಿಗೆ ಬಂದ ಮೇಲೆ ಇಂಟರ್ನ್‌ಶಿಪ್ ಎಂಬುದು ಸಾಮಾನ್ಯ ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳ ಪಠ್ಯದೊಳಗೂ ಬಂದು ಕುಳಿತಿದೆ. ಬತ್ತೇರಿಯ ಕಾಲೇಜುಗಳು ಕ್ಯಾಲಿಕಟ್ ವಿಶ್ವವಿದ್ಯಾನಿಲಯಕ್ಕೆ ಸೇರಿದವು. (ಅದೇ ಜಿಲ್ಲೆಯ ಮಾನಂದವಾಡಿ ತಾಲೂಕು ಕಾಸರಗೋಡಿನಂತೆ ಕಣ್ಣೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದೆ, ಒಂದೇ ಮನೆಯ ಅಕ್ಕತಂಗಿಯರಿಗೆ ಎರಡು ವಿಶ್ವವಿದ್ಯಾನಿಲಯಗಳ ನಿಯಮಾವಳಿ ಅನ್ವಯಿಸುವುದುಂಟು.) ಕ್ಯಾಲಿಕಟಿನ ನಿಯಮದಂತೆ ಇಂಟರ್ನ್‌ಶಿಪ್ಪಿಗೆ 2 ಕ್ರೆಡಿಟ್. ವೊಕೇಶನಲ್ ಹೈಯರ್ ಸೆಕೆಂಡರಿಯ ಮಕ್ಕಳಿಗಂತೂ ಪದವಿಗೆ ಕಾಲಿಡುವ ಮೊದಲೇ ಕೆಲಸದ ಸ್ಥಳದಲ್ಲಿ ತರಬೇತಿಯ ದಿನಗಳಿವೆ. ಆದುದರಿಂದ ಎಂದೂ ಕಂಪೆನಿಯ ಪತ್ರ ಬಾರದಿದ್ದ ಮನೆಗಳಿಗೂ ಈಗ ಅಂತಹ ಪತ್ರ ಬರತೊಡಗಿದೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಇಂತಹ ಕಚೇರಿಯ ಹೊಸ್ತಿಲಲ್ಲಿ ಅಂಜುವುದು ಇಂಗ್ಲಿಷಿಗೆ. ಆ ಅಂಜಿಕೆ ನಿರಾಧಾರವಲ್ಲ. ಮಿಂಚಂಚೆ, ಸಭೆ, ವರದಿ ಎಲ್ಲವೂ ಇಂಗ್ಲಿಷಿನಲ್ಲಿರುತ್ತವೆ. ಆದರೆ ಮೈಸೂರು, ಬೆಂಗಳೂರುಗಳಲ್ಲಿ ಗ್ರಾಹಕರೊಡನೆ ಮಾತಾಡುವ ಕೆಲಸವಿರುವ ಕಡೆ, ಬ್ಯಾಂಕು, ವಿಮೆ, ಆಸ್ಪತ್ರೆ, ಮಾರಾಟ ವಿಭಾಗಗಳಲ್ಲಿ, ಕನ್ನಡ ಮತ್ತು ಮಲಯಾಳ ಎರಡನ್ನೂ ಓದಿ ಬರೆಯಬಲ್ಲವರು ಸುಲಭವಾಗಿ ಸಿಗುವುದಿಲ್ಲ. ಗಡಿನಾಡಿನ ಮಕ್ಕಳು ಅರ್ಜಿಯಲ್ಲಿ ಈ ಸಂಗತಿಯನ್ನು ಬರೆಯದೆ ಬಿಡುವುದೇ ಹೆಚ್ಚು. ಮೊದಲ ವಾರಗಳ ನಿರಾಸೆಯೂ ಎಲ್ಲರಿಗೂ ಸಾಮಾನ್ಯ: ಕಲಿಸುವವರಿಗೆ ಬಿಡುವಿರುವುದಿಲ್ಲ, ಕೈಗೆ ಬರುವುದು ಪಟ್ಟಿ ತುಂಬಿಸುವ ಕೆಲಸ, ಇಲ್ಲವೇ ಸುಮ್ಮನೆ ಕುಳಿತಿರುವ ಕೆಲಸ. ಇದನ್ನು ಸಹಿಸಿ ಕೇಳಿ ಕೇಳಿ ಕಲಿತವರು ಲಾಭ ಪಡೆಯುತ್ತಾರೆ. ಇಂಗ್ಲಿಷಿನ ಅಂಜಿಕೆ ಕೆಲವು ತಿಂಗಳಲ್ಲಿ ಕಳೆಯುತ್ತದೆ. ಆ ಅಂಜಿಕೆಯ ಭರದಲ್ಲಿ, ಓದದೆ ಸಹಿ ಹಾಕಿದ ಕಾಗದ ಮಾತ್ರ ಹಾಗೆಯೇ ಉಳಿಯುತ್ತದೆ.

ಕಾಗದದ ಮಹತ್ತ್ವವೆಷ್ಟೆಂಬುದಕ್ಕೆ ಮೈಸೂರಿನಲ್ಲಿಯೇ ನಡೆದ ಒಂದು ಪ್ರಸಂಗ ಸಾಕು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಸಂಸ್ಥೆ ತನ್ನ ಮೈಸೂರು ಆವರಣದಲ್ಲಿ ತರಬೇತಿ ಪಡೆಯುತ್ತಿದ್ದ 300ಕ್ಕೂ ಹೆಚ್ಚು ಹೊಸಬರನ್ನು ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂಬ ಕಾರಣಕ್ಕೆ ಮನೆಗೆ ಕಳುಹಿಸಿತು. ಈ ಸಂಖ್ಯೆ ಸಂಸ್ಥೆ ಹೇಳಿದ್ದು. ಐಟಿ ನೌಕರರ ಸಂಘಟನೆಯಾದ ನೈಟ್ಸ್ 700 ಎಂದಿತು. ಅವರಲ್ಲಿ ಅನೇಕರು ಆಯ್ಕೆಯಾದ ಬಳಿಕ ಬಹುಕಾಲ ಕಾದು, 2024ರ ಅಕ್ಟೋಬರಿನಲ್ಲಷ್ಟೇ ಸೇರಿದ್ದವರು. ಪ್ರತಿಯೊಬ್ಬರಿಗೂ ಮೂರು ಅವಕಾಶಗಳಿದ್ದುವು, ಅವುಗಳಲ್ಲಿ ತೇರ್ಗಡೆಯಾಗದಿದ್ದರೆ ಮುಂದುವರಿಯುವಂತಿಲ್ಲವೆಂದು ಒಪ್ಪಂದದಲ್ಲಿಯೇ ಬರೆದಿದೆ, ಈ ಕ್ರಮ ಎರಡು ದಶಕಗಳಿಗೂ ಹಿಂದಿನದು ಎಂಬುದು ಸಂಸ್ಥೆಯ ಉತ್ತರವಾಗಿತ್ತು. ಪರೀಕ್ಷೆಯನ್ನು ಕಠಿಣಗೊಳಿಸಲಾಯಿತೆಂದೂ, ಸಿದ್ಧತೆಗೆ ಸಮಯ ದೊರೆಯಲಿಲ್ಲವೆಂದೂ ಹೊರಬಂದ ಯುವಕ ಯುವತಿಯರು ದೂರಿದರು.

ದೂರು ಕೇಂದ್ರದ ಕಾರ್ಮಿಕ ಸಚಿವಾಲಯವನ್ನು ಮುಟ್ಟಿತು. ಸಚಿವಾಲಯ ಕರ್ನಾಟಕದ ಕಾರ್ಮಿಕ ಇಲಾಖೆಗೆ ಬರೆಯಿತು. ಅಧಿಕಾರಿಗಳು ಕಂಪೆನಿಯ ಆವರಣಕ್ಕೆ ಹೋಗಿ ವಿಚಾರಿಸಿದರು. ಕಾರ್ಮಿಕ ಕಾನೂನಿನ ಉಲ್ಲಂಘನೆ ಕಂಡುಬರಲಿಲ್ಲವೆಂಬುದು ಅವರ ನಿಲುವಾಗಿ ವರದಿಯಾಯಿತು. ಕಾರಣವೇನೆಂದರೆ, ಇವರು ತರಬೇತಿಯಲ್ಲಿದ್ದವರು. ‘ಲೇ ಆಫ್’ ಎಂಬ ಮಾತು ನಿಯಮಿತ ಉದ್ಯೋಗದಲ್ಲಿರುವವರಿಗೆ ಮಾತ್ರ ಸಲ್ಲುವಂಥದು. ಅದೇ ವರ್ಷದ ಏಪ್ರಿಲಿನಲ್ಲಿ ಇನ್ನೂ 240 ಮಂದಿಯನ್ನು ಕಳುಹಿಸಿದಾಗ ಸಂಸ್ಥೆ ಒಂದು ತಿಂಗಳ ಮೊತ್ತವನ್ನೂ, ಹೊರಗಿನ ಸಂಸ್ಥೆಗಳ ಮೂಲಕ ಬೇರೆ ತರಬೇತಿಯನ್ನೂ ನೀಡಲು ಮುಂದಾಯಿತು.

ಇಲ್ಲಿ ಯಾರದು ಸರಿ, ಯಾರದು ತಪ್ಪು ಎಂಬ ಚರ್ಚೆ ಈಗಲೂ ನಿಂತಿಲ್ಲ. ಮನೆಯವರ ದೃಷ್ಟಿಯಿಂದ ಗಮನಿಸಬೇಕಾದುದು ಬೇರೆ. ಊರಿಗೆಲ್ಲ ‘ಮಗನಿಗೆ ಕೆಲಸ ಸಿಕ್ಕಿತು’ ಎಂದು ಹೇಳಿ ಸಿಹಿ ಹಂಚಿದ ಮನೆಗಳವು. ಕಾನೂನಿನ ಕಣ್ಣಿಗೆ ಅಲ್ಲಿ ಇನ್ನೂ ಕೆಲಸವೇ ಸಿಕ್ಕಿರಲಿಲ್ಲ. ‘ಟ್ರೈನಿ’ ಎಂಬ ಒಂದು ಪದ ಆ ವ್ಯತ್ಯಾಸವನ್ನು ಮೊದಲ ದಿನದಿಂದಲೇ ಹೊತ್ತುಕೊಂಡಿತ್ತು.

ಕಂಪೆನಿಗೆ ಹೊರಡುವ ವಿದ್ಯಾರ್ಥಿಯ ಪತ್ರದಲ್ಲಿ ಅಪ್ರೆಂಟಿಸ್, ಇಂಟರ್ನ್, ಟ್ರೈನಿ ಎಂಬ ಮೂರು ಹೆಸರುಗಳಲ್ಲಿ ಒಂದು ಇರುತ್ತದೆ. ಇವುಗಳಲ್ಲಿ ಕಾಯಿದೆಯ ಬೆಂಬಲ ಸ್ಪಷ್ಟವಾಗಿರುವುದು ಅಪ್ರೆಂಟಿಸಿಗೆ. 1961ರ ಅಪ್ರೆಂಟಿಸಸ್ ಕಾಯಿದೆಯ ಪ್ರಕಾರ ತರಬೇತಿಗೆ ಲಿಖಿತ ಒಪ್ಪಂದವಿರಬೇಕು, ಅದು ನೋಂದಣಿಯಾಗಬೇಕು. ವಿದ್ಯಾರ್ಥಿ ಅಪ್ರಾಪ್ತ ವಯಸ್ಕನಾಗಿದ್ದರೆ ರಕ್ಷಕರೇ ಸಹಿ ಹಾಕಬೇಕು. ಅಪಾಯಕಾರಿ ಕೈಗಾರಿಕೆಗಳಲ್ಲಿ 18 ವರ್ಷ ತುಂಬದವರನ್ನು ತೆಗೆದುಕೊಳ್ಳುವಂತಿಲ್ಲ. ಸ್ಟೈಪೆಂಡ್ ಕಂಪೆನಿಯ ಮರ್ಜಿಗೆ ಬಿಟ್ಟದ್ದಲ್ಲ. 2019ರ ತಿದ್ದುಪಡಿ ನಿಯಮಗಳಂತೆ ತಿಂಗಳಿಗೆ ಕನಿಷ್ಠ ಮೊತ್ತ ಹತ್ತನೆಯ ತರಗತಿ ಮುಗಿಸಿದವರಿಗೆ 6,000 ರೂಪಾಯಿ, ಪ್ಲಸ್ ಟು ಮುಗಿಸಿದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಇದನ್ನು ಶೇಕಡಾ 36ರಷ್ಟು ಏರಿಸಬೇಕೆಂದು 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಕೆಲಸದ ನಡುವೆ ಅಪಘಾತವಾದರೆ ಪರಿಹಾರ ಕೇಳುವ ಹಕ್ಕು ಅಪ್ರೆಂಟಿಸಿಗಿದೆ. ಒಪ್ಪಂದದ ಬಗ್ಗೆ ತಕರಾರು ಬಂದರೆ ಅದನ್ನು ತೀರ್ಮಾನಿಸುವವರು ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಎಂಬ ಸರಕಾರಿ ಅಧಿಕಾರಿ. ಇಷ್ಟೆಲ್ಲ ಕೊಟ್ಟ ಕಾಯಿದೆ ತನ್ನ 18ನೆಯ ಕಲಮಿನಲ್ಲಿ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನೇ ಹೊರತು ಕೆಲಸಗಾರನಲ್ಲವೆಂದೂ ಸಾರುತ್ತದೆ. ಒಪ್ಪಂದದಲ್ಲಿ ಮೊದಲೇ ಬರೆದಿರದಿದ್ದರೆ ತರಬೇತಿ ಮುಗಿದ ಮೇಲೆ ಉದ್ಯೋಗ ಕೊಡಬೇಕೆಂಬ ಬಾಧ್ಯತೆಯೂ ಕಂಪೆನಿಗಿಲ್ಲ.

ಕಾಲೇಜಿನ ಪಠ್ಯದ ಭಾಗವಾಗಿ ಹೋಗುವ ಇಂಟರ್ನಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಸ್ಟೈಪೆಂಡ್ ಕೊಟ್ಟರೆ ಕಂಪೆನಿಯ ಔದಾರ್ಯ, ಕೊಡದಿದ್ದರೆ ಕೇಳುವ ದಾರಿ ಪತ್ರದಲ್ಲಿ ಬರೆದಷ್ಟೇ. ‘ಟ್ರೈನಿ’ಯ ಸ್ಥಿತಿ ಇನ್ನೂ ಜಾರುವಂಥದು; ಅವನು ಅಪ್ರೆಂಟಿಸ್ ಆಗಿರಬಹುದು, ಪರೀಕ್ಷಾವಧಿಯ ನೌಕರನೂ ಆಗಿರಬಹುದು, ಅದನ್ನು ನಿರ್ಧರಿಸುವುದು ಒಪ್ಪಂದದ ವಾಕ್ಯ. ಆದುದರಿಂದ ಮನೆಯ ಹಿರಿಯರು ‘ತಿಂಗಳಿಗೆ ಎಷ್ಟು?’ ಎಂದು ಕೇಳುವ ಮೊದಲು ‘ಯಾವ ಕಾಯಿದೆಯ ಕೆಳಗೆ?’ ಎಂದು ಕೇಳುವುದು ಲೇಸು. ಪತ್ರ ಇಂಗ್ಲಿಷಿನಲ್ಲಿದ್ದರೆ ಕಾಲೇಜಿನ ಅಧ್ಯಾಪಕರಿಂದ ಸಾಲುಸಾಲಾಗಿ ಅರ್ಥ ಕೇಳಿ ತಿಳಿಯಲು ನಾಚಿಕೆ ಬೇಕಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ಆ ಸಾಲುಗಳನ್ನು ಓದಿರುವುದಿಲ್ಲ.

ಹೆಣ್ಣುಮಕ್ಕಳ ಮನೆಯವರು ತಿಳಿದಿರಬೇಕಾದ ಕಾಯಿದೆ ಮತ್ತೊಂದು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆ ಈ ಮೂರು ಹೆಸರುಗಳ ಭೇದವನ್ನು ಎಣಿಸುವುದಿಲ್ಲ. ಟ್ರೈನಿ, ಅಪ್ರೆಂಟಿಸ್, ಸಂಬಳವಿಲ್ಲದೆ ಸ್ವಯಂಪ್ರೇರಣೆಯಿಂದ ದುಡಿಯುವವರು, ಯಾವ ಹೆಸರಿನಿಂದ ಕರೆದರೂ ಸರಿ, ಎಲ್ಲರೂ ಅದರ ರಕ್ಷಣೆಗೆ ಒಳಪಟ್ಟವರು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಚೇರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಚೇರಿಯಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರಿಗೆ ಮೂರು ತಿಂಗಳ ಅವಧಿಯಿದೆ, ತಕ್ಕ ಕಾರಣವಿದ್ದರೆ ಮತ್ತೆ ಮೂರು ತಿಂಗಳು ವಿಸ್ತರಿಸಲೂಬಹುದು. ಎರಡು ತಿಂಗಳ ಮಟ್ಟಿಗೆ ಹೋದವಳು ತಾನು ‘ಅಲ್ಲಿಯವಳಲ್ಲ’ ಎಂದು ಭಾವಿಸಿ ಸುಮ್ಮನಾಗಬೇಕಾದುದಿಲ್ಲ.

ಬಾಂಡಿನ ವಿಷಯದಲ್ಲಿ ಊರುಗಳಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಬಾಂಡಿಗೆ ಬೆಲೆಯೇ ಇಲ್ಲವೆಂಬುದು ಒಂದು, ಬಾಂಡ್ ಬರೆದರೆ ಜೀತವೆಂಬುದು ಮತ್ತೊಂದು. ವಿಜಯಾ ಬ್ಯಾಂಕಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ 2025ರ ಮೇ 14ರಂದು ಸುಪ್ರೀಂ ಕೋರ್ಟು, ಮೂರು ವರ್ಷ ತುಂಬುವ ಮೊದಲು ಕೆಲಸ ಬಿಟ್ಟ ಅಧಿಕಾರಿ 2 ಲಕ್ಷ ರೂಪಾಯಿ ತೆರಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕಿನ ನೇಮಕಾತಿಯ ವೆಚ್ಚವನ್ನೂ, ಅಧಿಕಾರಿಯ ಸ್ಥಾನವನ್ನೂ ಗಮನಿಸಿ ಕೊಟ್ಟ ತೀರ್ಪದು. ತಿಂಗಳಿಗೆ ಕೆಲವೇ ಸಾವಿರ ಪಡೆಯುವ ಟ್ರೈನಿಯಿಂದ ಬರೆಸಿಕೊಂಡ ಪ್ರತಿಯೊಂದು ಬಾಂಡಿಗೂ ಅದು ಮುದ್ರೆಯೊತ್ತುವುದಿಲ್ಲ. ಬರೆದ ಮೊತ್ತ ಎಷ್ಟೇ ಇದ್ದರೂ ನ್ಯಾಯಾಲಯ ಕೊಡಿಸುವುದು ನ್ಯಾಯಸಮ್ಮತವಾದ ಪರಿಹಾರವನ್ನು ಮಾತ್ರವೆಂದು ಕರಾರು ಕಾಯಿದೆಯ 74ನೆಯ ಕಲಮು ಹೇಳುತ್ತದೆ. ಹದಿನೆಂಟು ತುಂಬದವರು ಬರೆದ ಬಾಂಡ್ ಅವರನ್ನು ಬಂಧಿಸುವುದಿಲ್ಲ. ಆದರೂ ಸಹಿ ಹಾಕಿದ ಮೇಲೆ ನ್ಯಾಯಾಲಯದ ಮೆಟ್ಟಿಲೇರುವುದಕ್ಕಿಂತ ಸಹಿಗೆ ಮೊದಲು ಮೊತ್ತವನ್ನು ಓದುವುದು ಅಗ್ಗ. ಮೂಲ ಅಂಕಪಟ್ಟಿಗಳನ್ನು ಕಂಪೆನಿಯ ಕಪಾಟಿಗೆ ಒಪ್ಪಿಸಿ ಬರುವುದಂತೂ ಕೂಡದು. ತೋರಿಸಿ, ನಕಲು ಕೊಟ್ಟು, ಮೂಲವನ್ನು ಮರಳಿ ತರಬೇಕು.

ಕೇಂದ್ರ ಸರಕಾರದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆ ಅಕ್ಷಯ ಕೇಂದ್ರಗಳಲ್ಲಿ ವಿಚಾರಿಸುವವರಿಗೆ ಕೆಲವು ಸಂಗತಿಗಳು ತಿಳಿದಿರಲಿ. 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಅದು 21ರಿಂದ 24 ವರ್ಷದವರಿಗೆಂದು, 12 ತಿಂಗಳ ಅವಧಿಗೆಂದು ರೂಪುಗೊಂಡಿತ್ತು. ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಮ್ಮೆ 6,000. ಪೂರ್ಣಾವಧಿಯಾಗಿ ಓದುತ್ತಿರುವವರಿಗೆ ಆಗ ಅದರಲ್ಲಿ ಅವಕಾಶವಿರಲಿಲ್ಲ. ಮೊದಲ ಸುತ್ತಿನಲ್ಲಿ 60,000ಕ್ಕೂ ಹೆಚ್ಚು ಅಭ್ಯರ್ಥಿಗಳಿಗೆ 82,000ಕ್ಕೂ ಹೆಚ್ಚು ಆಹ್ವಾನಗಳು ಹೋದವು. ಕೊನೆಗೆ ಸೇರಿದವರು 9,000ವನ್ನೂ ಮುಟ್ಟಲಿಲ್ಲ. ಸ್ಥಳದ ದೂರ, ಒಂದು ವರ್ಷದ ದೀರ್ಘಾವಧಿ, ಒಪ್ಪದ ಕೆಲಸ ಇವೇ ಕಾರಣಗಳೆಂದು ಸರಕಾರವೇ ಹೇಳಿಕೊಂಡಿತು. ದೆಹಲಿಯ ವರದಿಗಳಲ್ಲಿ ಇದು ಆಶ್ಚರ್ಯದ ಸಂಗತಿಯಾಗಿ ಕಂಡಿತು. ರಾತ್ರಿ 9ಕ್ಕೆ ದಾರಿ ಮುಚ್ಚುವ ಊರಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಐದು ಸಾವಿರದಲ್ಲಿ ಮೈಸೂರಿನ ಕೊಠಡಿ, ಊಟ, ಬಸ್ಸು ಮೂರೂ ಮುಗಿಯಬೇಕೆಂದರೆ ಉಳಿದುದನ್ನು ಮನೆಯಿಂದ ಕಳುಹಿಸಬೇಕು. ಮನೆಯಿಂದ ಕಳುಹಿಸಬಲ್ಲವರಿಗಷ್ಟೇ ಒದಗುವ ಅವಕಾಶವನ್ನು ಬಡವರ ಯೋಜನೆಯೆನ್ನುವುದು ಕಷ್ಟ.

ಈ ಯೋಜನೆಗೆ ಯಾವ ಶುಲ್ಕವೂ ಇಲ್ಲ. ‘ಸ್ಥಾನ ಕಾದಿರಿಸಲು’ ಎಂದೋ ‘ತರಬೇತಿ ಸಾಮಗ್ರಿಗೆ’ ಎಂದೋ ಮುಂಗಡ ಕೇಳುವ ಕರೆ ಬಂದರೆ ಅದನ್ನು ವಂಚನೆಯೆಂದೇ ಶಂಕಿಸಬೇಕು. ಹಣ ಕಳುಹಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ ತಿಳಿಸಬೇಕು.

ಬತ್ತೇರಿಯಂತಹ ತಾಲೂಕು ಕೇಂದ್ರಗಳಲ್ಲಿ ಕಾನೂನು ಸೇವಾ ಸಮಿತಿಯೆಂಬುದೊಂದಿರುತ್ತದೆ. 1987ರ ಕಾಯಿದೆಯಂತೆ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಉಳಿದವರಿಗೆ ಆದಾಯ ಮಿತಿಯಿದೆ. ಜಗಳವಾದ ಮೇಲೆಯೇ ಹೋಗಬೇಕೆಂದಿಲ್ಲ. ಸಹಿ ಹಾಕುವ ಮೊದಲು ಒಪ್ಪಂದದ ಅರ್ಥ ತಿಳಿಯುವುದಕ್ಕೂ ಹೋಗಬಹುದು. ಹೋಗುವಾಗ ಒಯ್ಯಬೇಕಾದುದು ಆಫರ್ ಲೆಟರಿನ ಎಲ್ಲ ಪುಟಗಳು, ಕಂಪೆನಿಯಿಂದ ಬಂದ ಮಿಂಚಂಚೆಗಳ ಮುದ್ರಿತ ಪ್ರತಿ, ಸ್ಟೈಪೆಂಡ್ ಜಮೆಯಾದ ಬ್ಯಾಂಕ್ ಪುಸ್ತಕ. ಇನ್ನು ತರಬೇತಿ ಸುಸೂತ್ರವಾಗಿ ಮುಗಿದವರು ಹೊರಡುವ ದಿನವೇ ಪ್ರಮಾಣಪತ್ರವನ್ನು ಕೈಯಲ್ಲಿ ಪಡೆದು, ಆರಂಭದ ಮತ್ತು ಮುಕ್ತಾಯದ ದಿನಾಂಕ, ಒಟ್ಟು ಗಂಟೆಗಳು, ಅಧಿಕಾರಿಯ ಸಹಿ, ಮೊಹರು ಇವೆಯೇ ಎಂದು ನೋಡಿಕೊಳ್ಳಬೇಕು. ಒಂದು ಮೊಹರಿಗಾಗಿ ಮತ್ತೆ ಬಂಡೀಪುರ ದಾಟಿ ಹೋಗಿಬರುವುದೆಂದರೆ ಒಂದು ಪೂರ್ತಿ ದಿನದ ಕೆಲಸ.